ಕದ ತೆಗೆಯಲು ಅನುಮತಿ

ಶಿಲ್ಪನ ಮನೆ

ಸ್ಕಾಟ್ಲೆಂಡಿನ ಆ ಊರಿಗೆ ನಾನು ಹೋದದ್ದು ಹಿಮ ನೋಡಲು. ಹಿಮ ಬೀಳಲಿಲ್ಲ. ಬಿದ್ದದ್ದು ಬರೀ ಕತ್ತಲೆ, ಅದೂ ಮಧ್ಯಾಹ್ನದ ಊಟದ ತಟ್ಟೆ ತೊಳೆದಿಡುವ ಹೊತ್ತಿಗೆ.

ನಾನು ಕೊಳ್ಳೇಗಾಲದವಳು. ಹುಟ್ಟಿದ್ದು ಯಳಂದೂರಿನ ಕಡೆ, ಬಿಳಿಗಿರಿರಂಗನ ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ. ಧನಗೆರೆಯ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದೆ. ಹನೂರಿಗೆ ಕೊಟ್ಟಿರುವ ನನ್ನ ತಂಗಿಯ ಮಗಳು ಶಿಲ್ಪ ಸ್ಕಾಟ್ಲೆಂಡಿನ ಆ ಊರಿನ ಆಸ್ಪತ್ರೆಯಲ್ಲಿ ನರ್ಸು. "ಒಂದ್ಸಲ ಬಂದೋಗು ದೊಡ್ಡವ್ವ. ಒಬ್ಳೇ ಇದ್ದೂ ಇದ್ದೂ ನಂಗೆ ಮಾತೇ ಮರ್ತೋಯ್ತಾ ಅದೆ" ಎಂದು ಕರೆಸಿಕೊಂಡಿದ್ದಳು.

ಸಮುದ್ರದ ದಂಡೆಯ ಸಣ್ಣ ಊರದು. ಹೆಸರು ಹೇಳುವಂತಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಬೂದುಗಲ್ಲಿನ ಮನೆಗಳು ಸಾಲಾಗಿ ನಿಂತಿದ್ದವು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಕೊಳ್ಳೇಗಾಲದಲ್ಲಿ ಕಸ ಹಾಕಲು ಆಚೆ ಬಂದರೂ ನಾಲ್ಕು ಜನರ ಮನೆ ಸಮಾಚಾರ ಕಿವಿಗೆ ಬೀಳುತ್ತದೆ. ಇಲ್ಲಿ ಪಕ್ಕದ ಮನೆಯವರು ಗಂಡಸರೋ ಹೆಂಗಸರೋ ಎನ್ನುವುದೂ ನನಗೆ ತಿಳಿಯಲಿಲ್ಲ. ಒಂದು ಮಾತ್ರ ಮೆಚ್ಚಿಕೊಂಡೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಿದ್ದರು. ಪಕ್ಕದಲ್ಲಿ ಕೂತವರ ಮುಖ ನೋಡದ ಜನ ಡ್ರೈವರನನ್ನು ಮರೆಯುತ್ತಿರಲಿಲ್ಲ. ನಾನೂ ಕಲಿತೆ.

ಶಿಲ್ಪ ಮುಂಜಾನೆಯ ಕತ್ತಲಲ್ಲಿ ಹೋಗಿ ಸಂಜೆಯ ಕತ್ತಲಲ್ಲಿ ಬರುತ್ತಿದ್ದಳು. ಒಂದು ಸಂಜೆ ಬಂದವಳು ಬೂಟು ಬಿಚ್ಚದೆ ಕುರ್ಚಿಯ ಮೇಲೆ ಕೂತುಬಿಟ್ಟಳು.

"ಏನಾಯ್ತೇ?" ಅಂದೆ.

"ವಾರ್ಡಲ್ಲಿ ಒಬ್ಳು ಮುದ್ಕಿ ಅವ್ಳೆ ದೊಡ್ಡವ್ವ. ಬಿಳೀ ಮುದ್ಕಿ. ಕೈಗೆ ಸೂಜಿ ಚುಚ್ತಾ ಇದ್ದೆ. 'ಮೆತ್ಗೆ ಕಣವ್ವ, ನೋಯ್ತದೆ' ಅಂದ್ಲು."

"ಕನ್ನಡದಲ್ಲಾ?"

"ಎಂಥಾ ಕನ್ನಡ ಅಂತೀಯ? ನಮ್ಮೂರ್ ಕನ್ನಡ. ಅಜ್ಜಿ ಮಾತಾಡ್ದಂಗೇ. ಸೂಜಿ ನನ್ ಕೈಲೇ ಉಳ್ಕತು."

"ಯಾರಂತೆ? ಹೆಸ್ರೇನು?"

"ಅದ್ನ ಯೋಳಂಗಿಲ್ಲ. ರೋಗಿಗಳ ಸುದ್ದಿ ಮನೇಲಿ ಆಡಂಗಿಲ್ಲ. ಇಷ್ಟ್ ಯೋಳಿದ್ದೇ ತಪ್ಪು" ಎಂದು ಎದ್ದು ಬೂಟು ಬಿಚ್ಚಿದಳು.

ಆದರೆ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಶಿಲ್ಪ ತನ್ನ ಮೇಲಿನವರಿಗೆ ಹೇಳಿದ್ದಳು. ಅವರು ಮುದುಕಿಯನ್ನು ಕಳಿಸಿದ್ದ ವೃದ್ಧಾಶ್ರಮಕ್ಕೆ ತಿಳಿಸಿದರು. ಆಕೆ ಯಾವ ಭಾಷೆ ಆಡುತ್ತಾಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಒಬ್ಬರು ಅದು ಆ ದೇಶದ್ದೇ ಇನ್ನೊಂದು ಭಾಷೆ, ವೆಲ್ಷ್ ಎಂದಿದ್ದರಂತೆ. ಮುದುಕಿ ಅಲ್ಲಿಗೆ ಮರಳಿದ ಮೇಲೆ, ಮರುವಾರ, ಅಲ್ಲಿಂದ ಫೋನು ಬಂತು. ನಿಮ್ಮ ದೊಡ್ಡಮ್ಮ ಬಂದು ಅವರ ಜೊತೆ ಸ್ವಲ್ಪ ಹೊತ್ತು ಕೂರುವರೇ ಎಂದು ಕೇಳಿದರು.

ಕೂರುವುದು ತಾನೇ? ಬರುತ್ತೇನೆ ಎಂದೆ.

ಐಲೀನ್ ಅವರ ಕೋಣೆ

ಬರೀ ಕೂರಲಿಕ್ಕೆ ಎಷ್ಟೊಂದು ನಿಯಮಗಳಿರುತ್ತವೆ ಎನ್ನುವುದು ಆವರೆಗೆ ನನಗೆ ಗೊತ್ತಿರಲಿಲ್ಲ.

ಆ ವೃದ್ಧಾಶ್ರಮ ಒಂದು ದತ್ತಿ ಸಂಸ್ಥೆಯದು. ಸಂಬಳವಿಲ್ಲದೆ ಸೇವೆ ಮಾಡಲು ಬರುವವರನ್ನು ನೋಡಿಕೊಳ್ಳುವ ಕೆಲಸ ಐಲೀನ್ ಎಂಬುವರದು. ನನ್ನದೇ ವಯಸ್ಸು, ಕತ್ತರಿಸಿದ ನರೆಗೂದಲು, ಮೆಲುದನಿ. ಚಹಾ ಕೊಟ್ಟು ಎದುರಿಗೆ ಕೂತು ಶುರುಮಾಡಿದರು.

"ನೀವು ಪ್ರವಾಸಿಯಾಗಿ ಬಂದವರು. ನಮ್ಮಂಥ ನೋಂದಾಯಿತ ದತ್ತಿ ಸಂಸ್ಥೆಯಲ್ಲಿ ಒಂದು ತಿಂಗಳ ಮಟ್ಟಿಗೆ ಸೇವೆ ಮಾಡಬಹುದು. ಅದರ ಮೇಲೆ ಒಂದು ದಿನವೂ ಆಗುವುದಿಲ್ಲ. ಆಮೇಲೆ ಅದು ನಿಮಗೂ ತೊಂದರೆ, ನಮಗೂ ತೊಂದರೆ."

ಬಸ್ಸಿನ ಟಿಕೇಟು ತಂದು ತೋರಿಸಿದರೆ ಅಷ್ಟು ಹಣ ಕೊಡುತ್ತಾರೆ. ಚಹಾ ಕುಡಿಯಬಹುದು, ಮಧ್ಯಾಹ್ನ ಬ್ರೆಡ್ಡು ತಿನ್ನಬಹುದು. ಅದಕ್ಕಿಂತ ಹೆಚ್ಚಾಗಿ ಒಂದು ಕರವಸ್ತ್ರ ಕೊಟ್ಟರೂ ಅದು ಸಂಬಳವೆಂದಾಗಿಬಿಡಬಹುದು. ಸಂಬಳವಾದರೆ ನನ್ನ ವೀಸಾಕ್ಕೆ ಕುತ್ತು. ನಾನು ನಡೆದೇ ಬರುತ್ತೇನೆ ಎಂದೆ. "ಹಾಗಾದರೆ ನಿಮಗೆ ಕೊಡಲು ನನ್ನ ಬಳಿ ಏನೂ ಇಲ್ಲವಲ್ಲ" ಎಂದು ನಿಜಕ್ಕೂ ಬೇಸರಪಟ್ಟರು.

ಮುದುಕಿಗೆ ಉಣ್ಣಿಸುವಂತಿಲ್ಲ. ಎತ್ತುವಂತಿಲ್ಲ. ಗಾಲಿಕುರ್ಚಿ ತಳ್ಳುವಂತಿಲ್ಲ. ಹಾಸಿಗೆ ಸರಿಮಾಡುವಂತಿಲ್ಲ. ಅವೆಲ್ಲ ಸಂಬಳ ಪಡೆಯುವವರ ಕೆಲಸ, ಅವರ ಕೆಲಸವನ್ನು ಬಿಟ್ಟಿ ಮಾಡಿ ಅವರ ಅನ್ನಕ್ಕೆ ಕೈ ಹಾಕಬಾರದು. ಆ ದೇಶದ ಪೊಲೀಸರು ನನ್ನನ್ನು ತಪಾಸಣೆ ಮಾಡಿಲ್ಲವಾದ್ದರಿಂದ ಬಾಗಿಲು ಮುಚ್ಚಿ ಒಬ್ಬಳೇ ಅವರ ಜೊತೆ ಇರುವಂತಿಲ್ಲ. ಒಳಗೆ ಕೇಳಿದ್ದನ್ನು ಆಚೆ ಯಾರಿಗೂ ಹೆಸರು ಹಿಡಿದು ಹೇಳುವಂತಿಲ್ಲ. ಹಾಗಾಗಿ ಇಲ್ಲಿ ಆ ಮುದುಕಿಯನ್ನು ಡೋರಾ ಎನ್ನುತ್ತೇನೆ. ಅದು ಅವರ ಹೆಸರಲ್ಲ.

ಕೊನೆಯದನ್ನು ಹೇಳುವಾಗ ಐಲೀನ್ ಸ್ವಲ್ಪ ತಡೆದರು. "ಅವರು ಹೇಳುವುದನ್ನು ಸುಳ್ಳು ಅನ್ನಬೇಡಿ. ನಿಜ ಅಂತಲೂ ಅನ್ನಬೇಡಿ."

"ಮತ್ತೆ ಏನನ್ನಲಿ?"

"ಕೇಳಿಸಿಕೊಳ್ಳಿ."

ನನಗೆ ಒಳಗೊಳಗೇ ನಗು. ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಬೀದಿಯೇ ಬಂದು ಕೂರುತ್ತದೆ. ಒಬ್ಬರು ಗಂಜಿ ತರುತ್ತಾರೆ, ಒಬ್ಬರು ಕಾಲೊತ್ತುತ್ತಾರೆ, ಇನ್ನೊಬ್ಬರು ಇದೇ ಕಾಯಿಲೆಯಲ್ಲಿ ಸತ್ತವರ ಕತೆ ಹೇಳಿ ಹೋಗುತ್ತಾರೆ. ಅದನ್ನು ಸೇವೆ ಎಂದು ಯಾರೂ ಕರೆಯುವುದಿಲ್ಲ, ಅನುಮತಿಯನ್ನೂ ಕೇಳುವುದಿಲ್ಲ. ರುಜು ಹಾಕಿ ಎದ್ದೆ.

ಸಮುದ್ರದ ಕಡೆಯ ಕೋಣೆ

ಮೊರಾಗ್ ಎಂಬ ದಾದಿ ನನ್ನನ್ನು ಕರೆದುಕೊಂಡು ಹೋದಳು. ಎತ್ತರದ, ಅಗಲ ಭುಜದ ಹುಡುಗಿ. ಓಣಿಯ ತುದಿಯಲ್ಲಿ ತೋಟಕ್ಕೆ ತೆರೆಯುವ ಗಾಜಿನ ಬಾಗಿಲು, ಅದರ ಪಕ್ಕದ ಕೋಣೆಯೇ ಡೋರಾರದು.

"ಹಗಲೆಲ್ಲ ಸುಮ್ಮನಿರುತ್ತಾರೆ. ಕತ್ತಲಾಗುವಾಗ ಕಿರುಚುತ್ತಾರೆ. 'ಪುಟ್ ಇಟ್, ಪುಟ್ ಇಟ್' ಅನ್ನುತ್ತಾರೆ. ಏನನ್ನು ಇಡಬೇಕೋ ನಮಗೆ ತಿಳಿಯುವುದಿಲ್ಲ. ಸಿಕ್ಕಿದ್ದನ್ನೆಲ್ಲ ಇಟ್ಟು ನೋಡಿದ್ದೇವೆ" ಎಂದಳು ಮೊರಾಗ್.

ನಿಜವಾಗಿಯೂ ಇಟ್ಟಿದ್ದರು. ಮಂಚದ ಪಕ್ಕದ ಮೇಜಿನ ಮೇಲೆ ಬಾಚಣಿಗೆ, ರೇಡಿಯೋ, ಕಪ್ಪು, ಗಡಿಯಾರ, ಯಾರದೋ ಫೋಟೋ ಕಿಕ್ಕಿರಿದಿದ್ದವು. ದಿಂಬಿನ ಬಳಿ ಉಣ್ಣೆಯ ಆಟದ ಕುರಿ. ಆ ದೇಶದಲ್ಲಿ ಕುರಿ "ಬಾ" ಎಂದು ಕೂಗುತ್ತದಂತೆ. ಅಜ್ಜಿ "ಬಾ, ಬಾ" ಅನ್ನುತ್ತಾರೆಂದು ಅದನ್ನು ತಂದುಕೊಟ್ಟಿದ್ದರು.

ನನಗೆ ನಗಲಾಗಲಿಲ್ಲ.

ಡೋರಾ ಬಿಸಾಕಿದ ರೇಷ್ಮೆಗೂಡಿನ ಹಾಗಿದ್ದರು, ನೂಲು ಬಿಚ್ಚಿಕೊಂಡ ಮೇಲೆ ಉಳಿಯುತ್ತದಲ್ಲ, ಆ ಹಾಗೆ. ತೊಂಬತ್ತರ ಆಸುಪಾಸು. ನೀಲಿ ಕಣ್ಣುಗಳು ನನ್ನ ಸೀರೆಯ ಮೇಲೆ ಮೇಲಿಂದ ಕೆಳಗೆ ಇಳಿದವು.

"ಬಂದ್ಯಾ" ಅಂದರು. "ಎಷ್ಟೊತ್ತವ್ವ ಕಾಯದು ನಿನ್ನ?"

ಶಿಲ್ಪ ಹೇಳಿದ್ದಳು, ನಾನು ಸಿದ್ಧಳಾಗಿಯೇ ಬಂದಿದ್ದೆ. ಆದರೂ ತೋಳಿನ ಕೂದಲು ನಿಮಿರಿತು. ಆ ದನಿಯ ಏರಿಳಿತ ನಮ್ಮವ್ವನದು. ಅವಳು ಸತ್ತ ಮೇಲೆ ಆ ರಾಗವನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ಕುತ್ಕೊ" ಅಂದವರು ನನ್ನ ಹಿಂದಕ್ಕೆ ನೋಡಿದರು. "ನಿನ್ ಸೆರಗ್ನ ಯಾರ್ ಇಡ್ಕಂಡವ್ರೆ?"

ಬೆನ್ನ ಹಿಂದೆ ಸೆರಗು ಜಗ್ಗಿದಂತಿತ್ತು. ತಿರುಗಿ ನೋಡಿದರೆ ಬಾಗಿಲ ಹಿಡಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು ಕೂತೆ.

ಐಲೀನ್‌ಗೆ ತಿಳಿದಿದ್ದು ಇಷ್ಟು: ಡೋರಾರ ತಂದೆ ಮೈಸೂರು ಸೀಮೆಯ ಬೆಟ್ಟದಲ್ಲಿ ಕಾಫಿ ತೋಟದ ಮೇಲ್ವಿಚಾರಕರಾಗಿದ್ದರು. ಡೋರಾ ಎಂಟೊಂಬತ್ತು ವರ್ಷದ ಮಗುವಾಗಿ ಈ ದೇಶಕ್ಕೆ ಬಂದರು, ಬ್ಯಾಂಕಿನಲ್ಲಿ ದುಡಿದರು, ಮದುವೆಯಾಗಲಿಲ್ಲ. ಬದುಕಿಡೀ ಇಂಗ್ಲಿಷನ್ನೇ ಆಡಿದರು. ಮರೆವಿನ ಕಾಯಿಲೆ ಇಂಗ್ಲಿಷನ್ನು ಒಂದೊಂದೇ ಮಾತಾಗಿ ಒಯ್ದಮೇಲೆ, ಸಾಕಿದ ಆಯಾಳ ಭಾಷೆ ಅಡಿಯಿಂದ ಎದ್ದು ಬಂದಿತ್ತು.

ಮೊದಲ ದಿನಗಳಲ್ಲಿ ನಾನು ಪುಸ್ತಕದ ಕನ್ನಡ ಆಡಿದೆ. ಡೋರಾ ಹುಬ್ಬು ಗಂಟಿಕ್ಕಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಹಕಾರ ಬಿಟ್ಟು ಮಾತಾಡುವ ಮಕ್ಕಳನ್ನು ತಿದ್ದುವುದೇ ನನ್ನ ಕಸುಬಾಗಿತ್ತು. ಈಗ ನಾನೇ "ಒಟ್ಟೆ ಅಸೀತಾ ಅವ್ವಾ?" ಎಂದು ಶುರುಮಾಡಿದೆ. ಅವರ ಮುಖ ಅರಳಿತು. ಕುಂತೂರಿನ ಕಬ್ಬಿನ ಟ್ರಾಕ್ಟರುಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ಬಸ್ಸನ್ನು ತಡೆಯುವುದನ್ನು ಹೇಳಿದೆ. ಸತ್ತೇಗಾಲದ ಹೊಳೆ ಹೇಳಿದೆ. ಮಕ್ಕಳಂತೆ ಬಾಯಿಬಿಟ್ಟು ಕೇಳುತ್ತಿದ್ದರು. "ದನ ಬಂದ್ವಾ?" ಎಂದು ನಡುನಡುವೆ ಕೇಳುತ್ತಿದ್ದರು. ನಿಯಮದಂತೆ ನಾನು ಹೌದೂ ಅನ್ನುತ್ತಿರಲಿಲ್ಲ, ಇಲ್ಲವೂ ಅನ್ನುತ್ತಿರಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದೆ. ಅವರೂ ನೋಡುತ್ತಿದ್ದರು. ಆಚೆ ಬೂದು ಸಮುದ್ರ.

ಮುಚ್ಚಂಜೆ

ಕತ್ತಲಾಗುವ ಮೊದಲೇ ಐಲೀನ್ ನನ್ನನ್ನು ಕಳಿಸಿಬಿಡುತ್ತಿದ್ದರು. ಎರಡನೆಯ ವಾರ ಅವರೇ ಕೇಳಿದರು. "ಇಂದು ಉಳಿಯುತ್ತೀರಾ? ಅವರು ಏನನ್ನು ಕೂಗುತ್ತಾರೆಂದು ನಮಗೆ ತಿಳಿಯಬೇಕು. ಡಾಕ್ಟರು ಔಷಧಿ ಹೆಚ್ಚಿಸುತ್ತಲೇ ಇದ್ದಾರೆ. ಹೀಗೇ ಆದರೆ ಅವರನ್ನು ದೂರದ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಅಲ್ಲಿ ಬೀಗ ಹಾಕಿದ ವಾರ್ಡಿನಲ್ಲಿಡುತ್ತಾರೆ."

ಉಳಿದೆ. ಮೂರೂವರೆಗೆ ಕಿಟಕಿಯ ಗಾಜಿನಲ್ಲಿ ಸಮುದ್ರ ಹೋಗಿ ನಮ್ಮಿಬ್ಬರ ಮುಖ ಕಾಣಿಸತೊಡಗಿತು. ಕತ್ತಲಾದೊಡನೆ ತೋಟದ ಬಾಗಿಲಿಗೆ ತಾನಾಗಿ ಬೀಗ ಬೀಳುವ ಏರ್ಪಾಡಿತ್ತು. ಓಣಿಯಲ್ಲಿ ಕಟಕ್ ಎಂದಿತು.

ಡೋರಾ ಎದ್ದು ಕೂತರು. ಅಷ್ಟು ಶಕ್ತಿ ಎಲ್ಲಿತ್ತೋ.

"ಕಿರುಬ ಅದೆ ಕಣವ್ವ! ಕದ! ಕದ! ಪುಟ್ಟೀ! ಪುಟ್ಟೀ, ಬಾ!"

ಆಗ ಅರ್ಥವಾಯಿತು, ಇವರು ಯಾವುದನ್ನೂ ಇಡು ಎನ್ನುತ್ತಿರಲಿಲ್ಲ. ನಮ್ಮ ಕಡೆ ಕಿರುಬನೆಂದರೆ ಚಿರತೆ. ಬೆಟ್ಟದ ಬುಡದಲ್ಲಿ ಬೆಳೆದ ನನಗೆ ಆ ಹೆದರಿಕೆ ಗೊತ್ತು. ಪುಟ್ಟಿ ಎನ್ನುವುದು ಇವರದೇ ಮುದ್ದಿನ ಹೆಸರು, ಆಯಾ ಹಾಗೆ ಕರೆದಿರಬೇಕು ಎಂದುಕೊಂಡೆ. ಅವರ ಕೈ ಹಿಡಿದೆ. ನಿಜ ಅನ್ನಬೇಡಿ ಎಂದಿದ್ದ ನಿಯಮ ಮರೆತೇಹೋಯಿತು.

"ಕದ ಆಕದೆ ಕಣವ್ವ, ಎದರ್ಕೊಬ್ಯಾಡಿ. ಕಿರುಬ ಒಳೀಕೆ ಬರಾಕಿಲ್ಲ."

ಅವರು ಕಿರುಚುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದರು. ಉಗುರು ನನ್ನ ಮಣಿಕಟ್ಟಿಗೆ ನಾಟಿತು.

"ಯಾಕ್ ಆಕುದ್ರಿ? ಪುಟ್ಟಿ ಆಚ್ಗವ್ಳೆ."

ಆಗಲೇ ಸದ್ದು ಬಂತು. ಓಣಿಯ ತುದಿಯಿಂದ. ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್, ಟಕ್. ದೊಡ್ಡವರು ಬಾಗಿಲು ಬಡಿದರೆ ಸದ್ದು ಎದೆಮಟ್ಟದಲ್ಲಿ ಬರುತ್ತದೆ. ಇದು ಮೊಣಕಾಲ ಮಟ್ಟದಲ್ಲಿತ್ತು.

ಬಾಗಿಲಲ್ಲಿ ನಿಂತಿದ್ದ ಮೊರಾಗ್ ನನ್ನ ಮುಖ ನೋಡಿ, "ಬಿಸಿನೀರಿನ ಕೊಳವೆ. ಈ ಹೊತ್ತಿಗೆ ಕಾಯಿಸುವ ಯಂತ್ರ ಶುರುವಾಗುತ್ತದೆ, ಹಳೆಯ ಕೊಳವೆಗಳು ಸದ್ದು ಮಾಡುತ್ತವೆ" ಎಂದಳು.

ಹೌದು, ಕೊಳವೆಯೇ. ಮರುದಿನ ಬೆಳಕಿನಲ್ಲಿ ಹೋಗಿ ನೋಡಿದೆ. ತೋಟದ ಬಾಗಿಲ ಪಕ್ಕದಲ್ಲೇ, ಗೋಡೆಯ ಬುಡದಲ್ಲಿ ಹಾದುಹೋಗಿತ್ತು. ಮುಟ್ಟಿ ನೋಡಿದೆ. ಅಷ್ಟಾದರೂ ಆ ಬಾಗಿಲಿಗೆ ಬೆನ್ನು ಹಾಕಿ ನಿಲ್ಲಲು ಮನಸ್ಸು ಬರಲಿಲ್ಲ.

ಮುಂದಿನ ದಿನಗಳಲ್ಲಿ ಡೋರಾ ಚೂರುಚೂರಾಗಿ ಹೇಳಿದರು. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಬೇರೆ ತುದಿಯಿಂದ ಹೇಳುತ್ತಿದ್ದರು. ಪುಟ್ಟಿ ಆಯಾಳ ಮಗಳು, ಇವರದೇ ವಾರಿಗೆ. ಬಂಗಲೆಯ ಮುಂದೆ ಸೀಬೆ ಮರದ ಕೆಳಗೆ ಇಬ್ಬರೂ ಆಡುತ್ತಿದ್ದರು. ಮೊಬ್ಬಾಗಿತ್ತು. ಯಾರೋ ಕಿರುಬ ಎಂದು ಕೂಗಿದರು. ಆಯಾ ಇವರನ್ನು ಎತ್ತಿಕೊಂಡು ಒಳಗೆ ಓಡಿದಳು. ಇವರಪ್ಪ ಅಗಳಿ ಹಾಕಿದ.

"ಆಯಾ ಬಡ್ಕಂಡ್ಲು. 'ನನ್ ಕೂಸು, ನನ್ ಕೂಸು' ಅಂತ. ಅಪ್ಪ ತಗೀನಿಲ್ಲ. ಕೋವಿ ತಕಂಡು ಕಿಟ್ಕಿ ತಾವ್ ನಿಂತ್ಕಂಡ. ಪುಟ್ಟಿ ಕದ ತಟ್ಟುದ್ಲು. ನಾನ್ ಕೇಳುಸ್ಕಂಡೆ."

"ಆಮೇಲೆ?"

"ಆಮೇಲ್ ತಟ್ಟದ್ ನಿಂತೋಯ್ತು."

ಬೆಳಗಾಗುವಷ್ಟರಲ್ಲಿ ಡೋರಾರನ್ನು ಕಾರಿನಲ್ಲಿ ಕೂರಿಸಿ ಬೆಟ್ಟ ಇಳಿಸಿದರಂತೆ, ಅಲ್ಲಿಂದ ಹಡಗಿಗೆ. ಪುಟ್ಟಿ ಏನಾದಳೆಂದು ಆ ಮಗುವಿಗೆ ಯಾರೂ ಹೇಳಲಿಲ್ಲ. ಕೇಳಿದಾಗಲೆಲ್ಲ ಬೇರೆ ಮಾತು ತೆಗೆದರು. ಕೊನೆಗೆ ಕೇಳಲು ಬೇಕಾದ ಭಾಷೆಯೇ ಹೋಯಿತು. ಈಗ ಭಾಷೆ ತಿರುಗಿ ಬಂದಿತ್ತು, ಅದರ ಜೊತೆ ಪುಟ್ಟಿಯೂ ಬಂದು ಬಾಗಿಲಾಚೆ ನಿಂತಿದ್ದಳು.

ಯಳಂದೂರಿಗೆ ಫೋನು

ನನ್ನಣ್ಣ ಮಾದೇವ ಇನ್ನೂ ನಮ್ಮೂರಿನಲ್ಲೇ ಇದ್ದಾನೆ, ವ್ಯವಸಾಯ. ಒಂದು ಬೆಳಿಗ್ಗೆ ಫೋನು ಮಾಡಿದೆ. ಹೆಸರು, ಊರು, ಯಾವುದನ್ನೂ ಹೇಳಲಿಲ್ಲ. ಬೆಟ್ಟದ ಮೇಲಿನ ಎಸ್ಟೇಟಿನಲ್ಲಿ ಹಿಂದೆ ಮಗುವೊಂದು ಆಚೆ ಉಳಿದುಕೊಂಡ ಸುದ್ದಿ ಏನಾದರೂ ಗೊತ್ತಾ ಎಂದಷ್ಟೇ ಕೇಳಿದೆ.

ಅವನು ತಿರುಗಿ ನನ್ನನ್ನೇ ಕೇಳಿದ.

"ಅವ್ವ ಕದ ಆಕೋಕೆ ಮುಂಚೆ ಕೂಗ್ತಿರ್ನಿಲ್ವಾ? ಗ್ಯಾನ ಅದಾ ನಿಂಗೆ?"

ನೆನಪಿತ್ತು. ಮೊಬ್ಬಾಗುವಾಗ ಅವ್ವ ಹೊಸ್ತಿಲಲ್ಲಿ ನಿಂತು, ಬೆಟ್ಟದ ಕಡೆ ಮುಖ ಮಾಡಿ, "ಆಚ್ಗಿರೋರೆಲ್ಲ ಒಳೀಕ್ ಬನ್ನೀ" ಎಂದು ಕೂಗುತ್ತಿದ್ದಳು. ಒಂದು ಗಳಿಗೆ ಬಿಟ್ಟು ಅಗಳಿ ಹಾಕುತ್ತಿದ್ದಳು. ಕೋಳಿಗಳನ್ನು ಕರೆಯುತ್ತಾಳೆ ಎಂದುಕೊಂಡಿದ್ದೆ.

"ನಾವೆಲ್ಲ ಒಳ್ಗಿದ್ರೂ ಕೂಗ್ತಿದ್ಲಲ್ಲ. ಯಾಕಣ್ಣ?"

"ಬೆಟ್ಟದ್ ಕಡೆ ಮನೆಯೋರೆಲ್ಲ ಕೂಗ್ತಿದ್ರು ಕಣ. ಅಜ್ಜಿ ಕಾಲ್ದಲ್ಲಿ ಮ್ಯಾಲೆ ಬಂಗ್ಲೆ ತಾವ್ ಒಂದ್ ಕೂಸು ಆಚ್ಗೆ ಉಳ್ಕಬುಡ್ತಂತೆ. ಅದ್ಕೇ."

"ಕೂಸ್ ಏನಾಯ್ತಂತೆ?"

"ಸಿಕ್ನಿಲ್ವಂತೆ. ಒಂದ್ ಮೂಳೇನೂ ಸಿಕ್ನಿಲ್ಲ, ರಕ್ತಾನೂ ಇರ್ನಿಲ್ಲ. ಅದ್ಸರಿ, ಇದ್ನೆಲ್ಲ ಆ ದೇಸ್ದಲ್ ನಿಂಗ್ ಯಾರ್ ಯೋಳುದ್ರು?"

"ಯೋಳಂಗಿಲ್ಲ ಕಣಣ್ಣ. ಇಲ್ಲಿ ರೂಲ್ಸು" ಎಂದೆ. ಅವನು ಬೇರೇನೂ ಕೇಳಲಿಲ್ಲ. ಚಳಿ ಜಾಸ್ತಿಯಂತೆ, ತಲೆಗೆ ಬಟ್ಟೆ ಕಟ್ಟಿಕೋ ಎಂದು ಫೋನಿಟ್ಟ.

ಆ ಬಂಗಲೆಯೇ ಡೋರಾರ ಬಂಗಲೆ, ಆ ಕೂಸೇ ಪುಟ್ಟಿ ಎಂದು ನಾನು ಸಾಧಿಸಲಾರೆ. ಆದರೂ ಸಿಕ್ಕಲಿಲ್ಲ ಎಂಬ ಸುದ್ದಿಯನ್ನು ಡೋರಾರಿಗೆ ಹೇಳಲು ಯಾವ ನಿಯಮ ಬಿಟ್ಟಿದ್ದರೂ ನನ್ನಿಂದ ಆಗುತ್ತಿರಲಿಲ್ಲ.

ತೋಟದ ಬಾಗಿಲು

ನನ್ನ ತಿಂಗಳು ಮುಗಿಯುತ್ತ ಬಂದಿತ್ತು. ದೊಡ್ಡ ಆಸ್ಪತ್ರೆಯಿಂದ ಬಂದವರು ಡೋರಾರನ್ನು ನೋಡಿಕೊಂಡು ಹೋಗಿದ್ದರು. ನಾನು ಐಲೀನ್ ಕೋಣೆಗೆ ಹೋಗಿ ಕೇಳಿದೆ. "ಒಂದು ಸಂಜೆ ಆ ಬಾಗಿಲನ್ನು ತೆಗೆಯಿರಿ. ಅವರನ್ನು ಅದರ ಮುಂದೆ ಕೂರಿಸೋಣ."

ಐಲೀನ್ ಕನ್ನಡಕ ತೆಗೆದರು. ಕತ್ತಲಾದ ಮೇಲೆ ಆ ಬಾಗಿಲು ತೆರೆದರೆ ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತದೆ. ಹಿಂದೆ ಒಬ್ಬರು ಮುದುಕರು ಅಲ್ಲಿಂದ ಆಚೆ ಹೋಗಿ ಬೆಳಿಗ್ಗೆ ದಂಡೆಯಲ್ಲಿ ಸಿಕ್ಕಿದ್ದರಂತೆ, ಬದುಕಿರಲಿಲ್ಲ. ಆಮೇಲೆ ಬಂದದ್ದು ಈ ಬೀಗ. ಇದನ್ನು ಹೇಳಿ ಅವರು ಮೆಲ್ಲಗೆ ಕೇಳಿದರು. "ಬಾಗಿಲು ತೆಗೆದರೆ, ಆ ಮಗು ಆಚೆ ಇದೆ ಎಂದು ನಾವೇ ಒಪ್ಪಿಕೊಂಡಂತೆ ಆಗುವುದಿಲ್ಲವೇ? ನಿಜ ಅನ್ನಬಾರದು ಎಂದು ನಿಮಗೆ ಹೇಳಿದ್ದೆ."

"ನಾವು ಏನನ್ನೂ ಹೇಳುವುದಿಲ್ಲ. ಬರೀ ತೆಗೆಯುತ್ತೇವೆ. ಮುಚ್ಚಿಟ್ಟರೆ, ಅವಳಿಲ್ಲ ಎಂದು ದಿನವೂ ಹೇಳಿದಂತೆ ಆಗುತ್ತಿದೆಯಲ್ಲ" ಎಂದೆ.

ಅವರು ಕನ್ನಡಕ ಹಾಕಿಕೊಂಡರು. ಮೇಲಿನವರನ್ನು ಕೇಳಿದರು, ಡಾಕ್ಟರನ್ನು ಕೇಳಿದರು, ಗಂಟೆಯನ್ನು ನಿಲ್ಲಿಸುವವನನ್ನು ಕೇಳಿದರು. ನಾನು ಆಸೆ ಬಿಟ್ಟಿದ್ದೆ. ನನ್ನ ಕೊನೆಯ ದಿನ ಬೆಳಿಗ್ಗೆ ಅನುಮತಿ ಬಂತು. ಗಾಲಿಕುರ್ಚಿಯನ್ನು ಮೊರಾಗ್ ಮಾತ್ರ ತಳ್ಳಬೇಕು. ಐಲೀನ್ ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಇರಬೇಕು. ಡೋರಾರಿಗೆ ಎರಡು ಕಂಬಳಿ. ನಾನು ಯಾವುದನ್ನೂ ಮುಟ್ಟದೆ ಗೋಡೆಯ ಪಕ್ಕ ನಿಲ್ಲಬೇಕು.

ಬೆಳಕು ಹೋಗುವ ಹೊತ್ತಿಗೆ ಎಲ್ಲರೂ ಓಣಿಯಲ್ಲಿ ಸೇರಿದೆವು. ಐಲೀನ್ ಬಾಗಿಲು ತೆಗೆದರು.

ಒದ್ದೆ ಹುಲ್ಲಿನ ವಾಸನೆ ಒಳಗೆ ಬಂತು, ಜೊತೆಗೆ ಕೊರೆಯುವ ಚಳಿ. ಆಚೆ ಏನೂ ಕಾಣುತ್ತಿರಲಿಲ್ಲ. ಡೋರಾ ಕಂಬಳಿಯ ಅಂಚು ಹಿಡಿದು ಕತ್ತಲನ್ನೇ ನೋಡುತ್ತಿದ್ದರು, ದಾರಿ ತಪ್ಪಿದವರ ಹಾಗೆ. ಐಲೀನ್ ನನ್ನ ಕಡೆ ನೋಡಿದರು. ನನಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. 

ನನ್ನ ಬಾಯಿಂದ ಅವ್ವನ ಕೂಗು ಹೊರಟಿತು.

"ಆಚ್ಗಿರೋರೆಲ್ಲ ಒಳೀಕ್ ಬನ್ನೀ..."

ಡೋರಾ ಬೆಚ್ಚಿ ನನ್ನ ಕಡೆ ತಿರುಗಿದರು. ಮತ್ತೆ ಬಾಗಿಲ ಕಡೆ ಬಾಗಿ, ಕಿರುಚದೆ, ಮನೆಯೊಳಗಿಂದ ಮನೆಯಾಚೆಗೆ ಕರೆಯುವ ಸಾದಾ ದನಿಯಲ್ಲಿ ಕರೆದರು. "ಪುಟ್ಟೀ. ಬಾರವ್ವ. ಕದ ತಗ್ದದೆ."

ಕಾದೆವು. ಸಮುದ್ರದ ಸದ್ದು ಬಿಟ್ಟರೆ ಏನೂ ಇಲ್ಲ. ತೋಟದ ತುದಿಯಲ್ಲಿ ಯಾರಾದರೂ ಸುಳಿದರೆ ಹೊತ್ತಿಕೊಳ್ಳುವ ಒಂದು ದೀಪವಿತ್ತು. ಅದು ಹೊತ್ತಿತು. ಹುಲ್ಲು, ಒಂದು ಬೆಂಚು, ಬೋಳು ಗಿಡಗಳು ಕಂಡವು. ಯಾರೂ ಇರಲಿಲ್ಲ. ನರಿ ಗಿರಿ ಇರಬೇಕು ಎಂದುಕೊಂಡೆ. ದೀಪ ಆರಿತು.

ಡೋರಾರ ಕಣ್ಣುಗಳು ಚಲಿಸತೊಡಗಿದವು. ಮೊದಲು ಹುಲ್ಲಿನ ಮೇಲೆ ದೂರಕ್ಕೆ, ಆಮೇಲೆ ಹತ್ತಿರಕ್ಕೆ, ಆಮೇಲೆ ಹೊಸ್ತಿಲ ಮೇಲೆ. ದೊಡ್ಡವರ ಮುಖ ಇರುವ ಎತ್ತರದಲ್ಲಲ್ಲ, ಇನ್ನೂ ಕೆಳಗೆ. ಹೊಸ್ತಿಲು ದಾಟಿ ಅವು ಓಣಿಯೊಳಗೆ ಬಂದವು. ಕುರ್ಚಿಯ ಬಲಗಡೆ ನಿಂತಿದ್ದ ಮೊರಾಗ್, ಒಂದು ಮಾತೂ ಅರ್ಥವಾಗದ ಆ ಹುಡುಗಿ, ಕಾಲು ಹಿಂದೆಗೆದು ಗೋಡೆಗೆ ಒತ್ತಿ ನಿಂತಳು. ಇಕ್ಕಟ್ಟಾದ ಬಸ್ಸಿನಲ್ಲಿ ಮಗುವೊಂದು ನುಸುಳಿ ಹೋಗುವಾಗ ನಾವು ಜಾಗ ಬಿಡುವುದಿಲ್ಲವೇ, ಥೇಟ್ ಹಾಗೆ.

ಡೋರಾ ಕಂಬಳಿಯ ಒಂದು ಅಂಚು ಎತ್ತಿದರು. ಎತ್ತಿ ಹಿಡಿದು, ಮತ್ತೆ ಇಳಿಸಿ, ಅದರ ಮೇಲೆ ಕೈ ಇಟ್ಟುಕೊಂಡರು.

"ಅಯ್, ಎಂಗ್ ತಣ್ಗಾಗವ್ಳೆ ನೋಡು" ಎಂದರು ನನಗೆ. ಒಂದು ಗಳಿಗೆ ಬಿಟ್ಟು, "ಈಗ ಆಕವ್ವ ಕದ" ಅಂದರು.

ನಾನು ಹೇಳುವ ಮೊದಲೇ ಐಲೀನ್ ಬಾಗಿಲು ಹಾಕಿದ್ದರು.

ಆ ಸಂಜೆ ಡೋರಾ ಕಿರುಚಲಿಲ್ಲ. ಮೊರಾಗ್ ಕೈಯಿಂದ ಊಟ ಮಾಡಿದರು, ಮಂಚದ ಒಂದು ಬದಿಗೆ ಸರಿದು ಮಲಗಿದರು. ಆಮೇಲೆಯೂ ಕಿರುಚಲಿಲ್ಲ ಎಂದು ಐಲೀನ್ ಶಿಲ್ಪನ ಮೂಲಕ ನನಗೆ ತಿಳಿಸಿದರು. ಅವರನ್ನು ಎಲ್ಲಿಗೂ ಸಾಗಿಸಲಿಲ್ಲ. ಚಳಿಗಾಲ ಮುಗಿದ ಮೇಲೆ, ಹಗಲಿನಲ್ಲಿ, ಅದೇ ಕೋಣೆಯಲ್ಲಿ ತೀರಿಕೊಂಡರು. ಅಷ್ಟುಹೊತ್ತಿಗೆ ನಾನು ಊರಿಗೆ ಬಂದಿದ್ದೆ.

ಮೊರಾಗ್ ಕಾರು

ಕೊನೆಯ ದಿನವೆಂದು ಐಲೀನ್ ನನ್ನನ್ನು ತಬ್ಬಿಕೊಂಡರು. ತಬ್ಬಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಮೊರಾಗ್ ಕೆಲಸ ಮುಗಿದಿತ್ತು, ನಿಮ್ಮನ್ನು ಮನೆಗೆ ಬಿಡುತ್ತೇನೆ ಎಂದಳು. ಇದು ಸಂಬಳಕ್ಕೆ ಸೇರುತ್ತದೆಯೇ ಎಂದು ಕೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

ದಂಡೆಯ ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಅವಳು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಆಚೀಚೆ ಮನೆಗಳ ಪರದೆ ಎಳೆದಿದ್ದರು, ಒಳಗೆ ದೀಪಗಳಿದ್ದವು.

ಸ್ವಲ್ಪ ದೂರ ಹೋದ ಮೇಲೆ ಕೇಳಿದೆ. "ಬಾಗಿಲು ತೆಗೆದಾಗ ನೀನು ಪಕ್ಕಕ್ಕೆ ಸರಿದು ನಿಂತೆಯಲ್ಲ. ಯಾಕೆ?"

"ಸರಿದೆನಾ?"

"ಹೌದು. ಗೋಡೆಗೆ ಒತ್ತಿ ನಿಂತೆ."

ಅವಳು ಶಿಲ್ಪನ ಬೀದಿಗೆ ತಿರುಗುವ ಮೂಲೆಯಲ್ಲಿ, ಎದುರಿಗೆ ಯಾರೂ ಬರದಿದ್ದರೂ, ಗಾಡಿ ನಿಲ್ಲಿಸಿ ಎರಡೂ ಕಡೆ ನೋಡಿದಳು.

"ಮೊಣಕಾಲಿಗೆ ಏನೋ ಒದ್ದೆಯಾಗಿ ತಾಗಿತು. ನಾಯಿ ಒಳಗೆ ಬಂತು ಅಂದುಕೊಂಡೆ" ಎಂದಳು.

ಆ ವೃದ್ಧಾಶ್ರಮದಲ್ಲಿ ನಾಯಿ ಇರಲಿಲ್ಲ. ಅದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಳಿಯುವಾಗ ಡ್ಯಾಷ್‌ಬೋರ್ಡಿನ ಬೆಳಕಿನಲ್ಲಿ ಅವಳ ನೀಲಿ ಸಮವಸ್ತ್ರದ ಪ್ಯಾಂಟು ಕಂಡಿತು. ಮೊಣಕಾಲಿನ ಹತ್ತಿರ ಅಂಗೈಯಗಲ ಬಟ್ಟೆ ಕಪ್ಪಾಗಿತ್ತು, ಇನ್ನೂ ಆರಿರಲಿಲ್ಲ.